ಗಿಟಾರ್ ಬ್ಯಾಗ್ ಆರಿಸುವುದು: ತೆಳು ಕವರೋ, ದಪ್ಪ ಫೋಮೋ, ಗಟ್ಟಿ ಪೆಟ್ಟಿಗೆಯೋ?

ಗಿಟಾರ್ ಬ್ಯಾಗ್ ಮಾರುವವರು ಮೊದಲು ಹೇಳುವುದು ಫೋಮಿನ ದಪ್ಪವನ್ನು: 5 ಮಿ.ಮೀ., 10 ಮಿ.ಮೀ., 20 ಮಿ.ಮೀ. ಕೊಳ್ಳುವವರೂ ಅದೊಂದನ್ನೇ ಹಿಡಿದು ಹೋಲಿಸುತ್ತಾರೆ. ಆದರೆ ಬ್ಯಾಗಿನೊಳಗೆ ಇದ್ದೂ ಪೆಟ್ಟು ತಿಂದ ಗಿಟಾರುಗಳಲ್ಲಿ ಹಾನಿ ಸಾಮಾನ್ಯವಾಗಿ ಮೂರು ಕಡೆ ಕಾಣುತ್ತದೆ. ನೆಕ್ಕಿಗೆ (ಗಿಟಾರಿನ ಉದ್ದ ಕತ್ತು) ಹೆಡ್‌ಸ್ಟಾಕ್ (ಟ್ಯೂನಿಂಗ್ ಕೀಲಿಗಳಿರುವ ತಲೆ) ಸೇರುವ ಜಾಗ, ಬಾಡಿಯ ತಳದಲ್ಲಿರುವ ಸ್ಟ್ರಾಪ್ ಬಟನ್ (ಹೆಗಲ ಪಟ್ಟಿ ಸಿಕ್ಕಿಸುವ ಗುಂಡಿ), ಮತ್ತೆ ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳನ್ನು ಹಿಡಿದಿರುವ ಪಟ್ಟಿ). ಈ ಮೂರು ಕಡೆ ಬ್ಯಾಗಿನಲ್ಲಿ ಏನು ಕೂರಿಸಿದ್ದಾರೆ, ಗಿಟಾರು ಒಳಗೆ ಅಲ್ಲಾಡದೆ ನಿಲ್ಲುತ್ತದೆಯೇ ಎಂದು ಮೊದಲು ನೋಡಬೇಕು. ದಪ್ಪದ ಮಾತು ಆಮೇಲೆ. ಸಡಿಲವಾದ ಬ್ಯಾಗಿನಲ್ಲಿ 20 ಮಿ.ಮೀ. ಫೋಮ್ ಇದ್ದರೂ ಗಿಟಾರು ಒಳಗೇ ಓಡಾಡಿ ಗೋಡೆಗೆ ಬಡಿಯುತ್ತದೆ. ಅಳತೆಗೆ ಸರಿಯಾದ 12 ಮಿ.ಮೀ. ಬ್ಯಾಗು ಅದಕ್ಕಿಂತ ವಾಸಿ.

ಮೊದಲು ಟೇಪು ಹಿಡಿಯಿರಿ

ಬ್ಯಾಗಿನ ಚೀಟಿಯಲ್ಲಿ ‘41 ಇಂಚು’ ಎಂದಿದ್ದರೆ ಅದು ಗಿಟಾರಿನ ಒಟ್ಟು ಉದ್ದ ಮಾತ್ರ. ಅಗಲ ಮತ್ತು ಆಳ ಅದರಿಂದ ಗೊತ್ತಾಗುವುದಿಲ್ಲ. ಡ್ರೆಡ್‌ನಾಟ್ ಎಂಬ ಅಗಲ ಬಾಡಿಯ ಅಕೂಸ್ಟಿಕ್ ಸುಮಾರು 1040 ಮಿ.ಮೀ. ಉದ್ದ, ಬಾಡಿ ಅತಿ ಅಗಲವಾಗಿರುವ ಕಡೆ 397 ಮಿ.ಮೀ., ತಳದ ಬಳಿ 120ರಿಂದ 125 ಮಿ.ಮೀ. ಆಳ. ಅದಕ್ಕಿಂತ ದೊಡ್ಡ ಬಾಡಿಯ ಜಂಬೋ ಉದ್ದದಲ್ಲಿ ಹೆಚ್ಚೇನೂ ಬೇರೆಯಲ್ಲ, ಆದರೆ ಅಗಲ 430 ಮಿ.ಮೀ. ಮುಟ್ಟುತ್ತದೆ. ಹಾಗಾಗಿ ಡ್ರೆಡ್‌ನಾಟ್ ಬ್ಯಾಗಿಗೆ ಜಂಬೋ ಇಳಿಯುವುದಿಲ್ಲ. ಕ್ಲಾಸಿಕಲ್ ಗಿಟಾರು ಸುಮಾರು 1000 ಮಿ.ಮೀ. ಉದ್ದ, 370 ಮಿ.ಮೀ. ಅಗಲ, 100 ಮಿ.ಮೀ. ಆಳ. ಸ್ಟ್ರ್ಯಾಟ್ (ಫೆಂಡರ್ ಕಂಪನಿಯ ಸ್ಟ್ರ್ಯಾಟೋಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಉದ್ದದಲ್ಲಿ ಇದರ ಹತ್ತಿರವೇ ಇದ್ದರೂ ಬಾಡಿಯ ದಪ್ಪ ಬರೀ 45 ಮಿ.ಮೀ. ಅದನ್ನು ಅಕೂಸ್ಟಿಕ್ ಬ್ಯಾಗಿನಲ್ಲಿ ಹಾಕಿದರೆ ಮೇಲೆ ಅಂಗೈಯಷ್ಟು ಟೊಳ್ಳು ಉಳಿಯುತ್ತದೆ. ಮಕ್ಕಳ ಮುಕ್ಕಾಲು ಅಳತೆಯ ಗಿಟಾರಿಗೂ ‘ಮುಂದೆ ದೊಡ್ಡದಕ್ಕೂ ಆಗುತ್ತದೆ’ ಎಂದು ಪೂರ್ತಿ ಅಳತೆಯ ಬ್ಯಾಗ್ ಕೊಳ್ಳುವುದುಂಟು. ಒಳಗೆ ಗಿಟಾರು ಹಿಂದೆ ಮುಂದೆ ಜಾರುತ್ತಲೇ ಇರುತ್ತದೆ, ಆ ಉಳಿತಾಯ ಬೇಡ.

ಗಿಟಾರನ್ನು ಮಂಚದ ಮೇಲೆ ಮಲಗಿಸಿ ಐದು ಅಳತೆ ತೆಗೆಯಿರಿ. ಹೆಡ್‌ಸ್ಟಾಕ್ ತುದಿಯಿಂದ ಸ್ಟ್ರಾಪ್ ಬಟನ್ನಿನ ತುದಿಯವರೆಗಿನ ಉದ್ದ ಒಂದು. ಬಟನ್ನು 10 ಮಿ.ಮೀ.ಗಿಂತ ಹೆಚ್ಚೇ ಚಾಚಿರುತ್ತದೆ, ಅದನ್ನು ಬಿಟ್ಟು ಅಳೆಯುವುದು ಸಾಮಾನ್ಯ ತಪ್ಪು. ಬಾಡಿಯ ಕೆಳಭಾಗದ ಅಗಲ, ಮೇಲ್ಭಾಗದ ಅಗಲ ಇನ್ನೆರಡು. ತಳದ ಬಳಿ ಆಳ ನಾಲ್ಕನೆಯದು. ಟ್ಯೂನಿಂಗ್ ಕೀಲಿಗಳನ್ನೂ ಸೇರಿಸಿ ಹೆಡ್‌ಸ್ಟಾಕಿನ ಅಗಲ ಐದನೆಯದು.

ಇನ್ನು ಬ್ಯಾಗಿನ ಅಳತೆ. ಕೆಲವರು ಒಳ ಅಳತೆ ಕೊಡುತ್ತಾರೆ, ಕೆಲವರು ಹೊರ ಅಳತೆ ಕೊಟ್ಟು ಸುಮ್ಮನಾಗುತ್ತಾರೆ. ಹೊರ ಅಳತೆಯಾದರೆ ಫೋಮಿನ ದಪ್ಪವನ್ನು ಎರಡೂ ಬದಿಯಿಂದ ಕಳೆಯಬೇಕು. ಒಂದು ಲೆಕ್ಕ ನೋಡಿ: ಹೊರ ಅಳತೆ 1100 × 430 × 140 ಮಿ.ಮೀ., ಫೋಮ್ 15 ಮಿ.ಮೀ. ಕಳೆದರೆ ಒಳಗೆ ಉಳಿಯುವುದು 1070 × 400 × 110. ಡ್ರೆಡ್‌ನಾಟ್ ಉದ್ದಕ್ಕೂ ಅಗಲಕ್ಕೂ ಸರಿಹೋಯಿತು, ಆಳದಲ್ಲಿ 10 ಮಿ.ಮೀ.ಗೂ ಹೆಚ್ಚು ಕೊರತೆ ಬಿತ್ತು. ಒತ್ತಿ ಹಿಡಿದು ಜಿಪ್ ಎಳೆದರೆ ಮುಚ್ಚೀತು. ಆದರೆ ಮುಚ್ಚಿದಷ್ಟು ಹೊತ್ತೂ ಬ್ಯಾಗಿನ ಮುಂಭಾಗ ಬ್ರಿಡ್ಜನ್ನು ಅದುಮುತ್ತಿರುತ್ತದೆ, ತಳದ ತಿರುವಿನಲ್ಲಿ ಜಿಪ್ ಬಿಗಿದುಕೊಂಡಿರುತ್ತದೆ. ಅಂಥ ಜಿಪ್ ಬಾಳುವುದಿಲ್ಲ. ಉದ್ದದಲ್ಲಿ 10ರಿಂದ 20 ಮಿ.ಮೀ., ಅಗಲದಲ್ಲಿ 10 ಮಿ.ಮೀ. ಆಸುಪಾಸು, ಆಳದಲ್ಲಿ 5ರಿಂದ 10 ಮಿ.ಮೀ. ಹೆಚ್ಚಿಗೆ ಇದ್ದರೆ ಸಾಕು. ಅದಕ್ಕೂ ಮೀರಿದರೆ ಸಡಿಲ ಎಂದೇ ಅರ್ಥ.

ನಾಲ್ಕು ಬಗೆ, ನಾಲ್ಕು ಕೆಲಸ

ತೆಳು ಕವರ್: ಬಟ್ಟೆಯ ಹಿಂದೆ 3ರಿಂದ 5 ಮಿ.ಮೀ. ಸ್ಪಂಜು, ತೂಕ ಅರ್ಧ ಕಿಲೋದ ಆಚೀಚೆ. ಹೊಸ ಗಿಟಾರಿನ ಜೊತೆ ಸುಮ್ಮನೆ ಕೊಡುವುದು ಹೆಚ್ಚಾಗಿ ಇದನ್ನೇ. ದೂಳು ತಡೆಯುತ್ತದೆ, ಗೀರು ತಡೆಯುತ್ತದೆ, ಅಷ್ಟೇ. ಗಿಟಾರು ಬೀರುವಿನ ಪಕ್ಕದಿಂದ ಏಳುವುದೇ ಇಲ್ಲವಾದರೆ ಇದರಲ್ಲಿ ತಪ್ಪೇನಿಲ್ಲ. ಹೊರಗೆ ಒಯ್ಯುವುದಕ್ಕೆ ಇದನ್ನು ಬ್ಯಾಗ್ ಎಂದು ಲೆಕ್ಕ ಹಿಡಿಯಬೇಡಿ.

10ರಿಂದ 15 ಮಿ.ಮೀ. ಫೋಮಿನ ಬ್ಯಾಗ್: ತೂಕ ಒಂದು ಕಿಲೋ ಸುತ್ತಮುತ್ತ. ವಾರಕ್ಕೊಮ್ಮೆ ಪಾಠಕ್ಕೆ ನಡೆದುಹೋಗುವವರಿಗೆ, ಗಿಟಾರನ್ನು ಕೈಯಿಂದ ಬಿಡದೆ ತಾವೇ ಹೊರುವವರಿಗೆ ಇದು ಸಾಕು. ಬಾಗಿಲ ಚೌಕಟ್ಟಿಗೆ ತಾಗಿದ್ದು, ಕುರ್ಚಿಗೆ ಬಡಿದಿದ್ದು ಇವನ್ನೆಲ್ಲ ತಡೆದುಕೊಳ್ಳುತ್ತದೆ. ನಿಂತಲ್ಲಿಂದ ಉರುಳಿ ಬಿದ್ದರೆ ಮಾತ್ರ ಭರವಸೆ ಇಲ್ಲ.

20ರಿಂದ 25 ಮಿ.ಮೀ. ಬ್ಯಾಗ್, ಒಳಗೆ ನೆಕ್ಕಿಗೆ ಆಸರೆ ಇರುವಂಥದ್ದು: 2ರಿಂದ 3 ಕಿಲೋ. ವಾರದಲ್ಲಿ ಮೂರು ನಾಲ್ಕು ದಿನ ಬಸ್ಸು, ರೈಲು, ವೇದಿಕೆ ಎಂದು ತಿರುಗುವವರು ಇದಕ್ಕಿಂತ ಕೆಳಗಿಳಿಯಬಾರದು. ‘ಗಿಗ್ ಬ್ಯಾಗ್’ ಎಂದು ಎಲ್ಲವನ್ನೂ ಕರೆಯುತ್ತಾರಾದರೂ ಕಾರ್ಯಕ್ರಮಕ್ಕೆ ಒಯ್ಯಲು ತಕ್ಕದ್ದು ಈ ಬಗೆಯದೇ.

ಗಟ್ಟಿ ಫೋಮಿನ ಹಗುರ ಕೇಸ್: ಆಕಾರ ಬಿಡದ ಒತ್ತು ಫೋಮಿನ ಚಿಪ್ಪು, ಮೇಲೆ ಬಟ್ಟೆ, ಸುತ್ತ ಜಿಪ್. ತೂಕ ಇದಕ್ಕೂ 2ರಿಂದ 3 ಕಿಲೋ. ಮೇಲೆ ಇನ್ನೊಂದು ಚೀಲ ಬಿದ್ದರೆ ಮೆತ್ತನೆ ಬ್ಯಾಗ್ ಕುಸಿಯುತ್ತದೆ, ಇದು ಅಷ್ಟು ಸುಲಭಕ್ಕೆ ಕುಸಿಯುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ಬೇರೆ ಸಾಮಾನಿನ ಜೊತೆ ಇಡುವವರಿಗೆ ಇದೇ ವಾಸಿ. ಬೆನ್ನಿಗೆ ಹಾಕಿಕೊಂಡಾಗ ಮಾತ್ರ ಹಲಗೆಯಂತೆ ಚುಚ್ಚುತ್ತದೆ, ದೂರ ನಡೆಯುವವರಿಗೆ ಹಿಡಿಸದು.

ವಿಮಾನದ ಸರಕು ಜಾಗಕ್ಕೆ ಹೋಗುವ ಗಿಟಾರಿಗೆ ಈ ನಾಲ್ಕರಲ್ಲಿ ಯಾವುದೂ ಆಗದು. 25 ಮಿ.ಮೀ. ಫೋಮ್ ಇದ್ದರೂ ಸರಿಯೇ. ಅಲ್ಲಿ ಗಿಟಾರಿನ ಮೇಲೆ ಬೇರೆ ಪೆಟ್ಟಿಗೆಗಳು ಬಂದು ಕೂರುತ್ತವೆ, ಅದಕ್ಕೆ ಮರದ್ದೋ ಅಚ್ಚು ಪ್ಲಾಸ್ಟಿಕ್ಕಿನದ್ದೋ ಹಾರ್ಡ್ ಕೇಸೇ ಬೇಕು.

ಹೆಡ್‌ಸ್ಟಾಕ್ ಏಕೆ ಮುರಿಯುತ್ತದೆ

ಇದನ್ನು ತುಸು ನಿಧಾನವಾಗಿ ನೋಡಬೇಕು, ಏಕೆಂದರೆ ಅತಿ ದುಬಾರಿ ರಿಪೇರಿ ಇಲ್ಲೇ. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಎಂಬ ಎಲೆಕ್ಟ್ರಿಕ್ ಮಾದರಿಯ ಗಿಟಾರುಗಳಲ್ಲಿ ಹೆಡ್‌ಸ್ಟಾಕ್ ನೆಕ್ಕಿನ ನೇರದಿಂದ ಹಿಂದಕ್ಕೆ ಓರೆಯಾಗಿರುತ್ತದೆ, ಸಾಮಾನ್ಯವಾಗಿ 17 ಡಿಗ್ರಿ. ಅಕೂಸ್ಟಿಕ್, ಕ್ಲಾಸಿಕಲ್ ಗಿಟಾರುಗಳಲ್ಲೂ ಓರೆ ಇದ್ದೇ ಇರುತ್ತದೆ. ಒಂದೇ ತುಂಡು ಮರದಲ್ಲಿ ಈ ಓರೆ ಕೆತ್ತಿದರೆ ಮರದ ಎಳೆಗಳು ಆ ತಿರುವಿನಲ್ಲಿ ತುಂಡಾಗುತ್ತವೆ. ಜೊತೆಗೆ, ಹಲವು ಮಾದರಿಗಳಲ್ಲಿ ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಪಡಿಸಲು ಅದರೊಳಗಿರುವ ಲೋಹದ ಸರಳು) ತಿರುಗಿಸಲೆಂದು ನಟ್ಟಿನ (ನೆಕ್ಕಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಗೀರುಗಳಿರುವ ಪಟ್ಟಿ) ಹಿಂದೆಯೇ ಗುಳಿ ತೋಡಿರುತ್ತಾರೆ. ಹಾಗೆ ಇಡೀ ಗಿಟಾರಿನಲ್ಲಿ ಅತಿ ಬಡಕಲು ಜಾಗ ಅದೇ ಆಗಿಬಿಡುತ್ತದೆ. ಆ ಜಾಗದ ಮೇಲೆ ತಂತಿಗಳ ಎಳೆತ ಸದಾ ಇರುತ್ತದೆ. 12ರ ಸೆಟ್ (ಅತಿ ತೆಳು ತಂತಿ 0.012 ಇಂಚು ದಪ್ಪ) ಹಾಕಿದ ಅಕೂಸ್ಟಿಕ್‌ನಲ್ಲಿ ಆರೂ ತಂತಿ ಸೇರಿ ಸುಮಾರು 70 ಕಿಲೋ, 10ರ ಸೆಟ್ಟಿನ ಎಲೆಕ್ಟ್ರಿಕ್‌ನಲ್ಲಿ 45 ಕಿಲೋ ಹತ್ತಿರ.

ಈಗ ಗೋಡೆಗೆ ಒರಗಿಸಿಟ್ಟ ಬ್ಯಾಗು ಬೆನ್ನ ಮೇಲೆ ಬಿತ್ತು ಎನ್ನಿ. ಬಾಡಿ ನೆಲಕ್ಕೆ ತಾಗುತ್ತದೆ, ಓರೆಯಾದ ಹೆಡ್‌ಸ್ಟಾಕಿನ ತುದಿಯೂ ತಾಗುತ್ತದೆ, ನಡುವಿನ ನೆಕ್ ಗಾಳಿಯಲ್ಲಿರುತ್ತದೆ. ನೆಲ ತುದಿಯನ್ನು ಹಿಂದಿನಿಂದ ಮುಂದಕ್ಕೆ ತಳ್ಳುತ್ತದೆ, ತಂತಿಗಳು ಎಳೆಯುತ್ತಿರುವುದೂ ಮುಂದಕ್ಕೇ. ಎರಡೂ ಸೇರಿದಾಗ ನಟ್ಟಿನ ಹಿಂಬದಿಯಲ್ಲಿ ಮರ ಬಾಯಿ ಬಿಡುತ್ತದೆ. ಮುಖ ಅಡಿಯಾಗಿ ಬಿದ್ದಾಗ ಹೆಡ್‌ಸ್ಟಾಕ್ ನೆಲ ಮುಟ್ಟದೆಯೂ ಮುರಿಯಬಹುದು. ಬಾಡಿ ಥಟ್ಟನೆ ನಿಂತಿತು, ಆರು ಟ್ಯೂನಿಂಗ್ ಕೀಲಿಗಳ ತೂಕ ಹೊತ್ತ ಹೆಡ್‌ಸ್ಟಾಕ್ ಮುಂದಕ್ಕೆ ಚಿಮ್ಮಿತು, ಅಷ್ಟು ಸಾಕು. ಹೀಗೆ ಮುರಿಯುವುದನ್ನು ಬರೀ ದಪ್ಪ ಫೋಮ್ ತಡೆಯಲಾರದು.

ತಡೆಯುವುದು ನೆಕ್ಕಿನ ಆಸರೆ. ಬ್ಯಾಗಿನ ಹಿಂಗೋಡೆಗೆ ಅಂಟಿಸಿದ, ನಡುವೆ ಹಳ್ಳವಿರುವ ಒಂದು ಗಟ್ಟಿ ಫೋಮ್ ದಿಂಬು, ಅದರ ಮೇಲೆ ನೆಕ್ಕನ್ನು ಬಿಗಿಯುವ ವೆಲ್ಕ್ರೋ ಪಟ್ಟಿ. ದಿಂಬು ನೆಕ್ಕನ್ನು ಮೇಲೆತ್ತಿ ಹಿಡಿಯುವುದರಿಂದ ಹೆಡ್‌ಸ್ಟಾಕ್ ಗಾಳಿಯಲ್ಲಿ ತೂಗುತ್ತದೆ. ಪಟ್ಟಿ ಮುಂದಕ್ಕೆ ಚಿಮ್ಮುವುದನ್ನು ತಗ್ಗಿಸುತ್ತದೆ. ದಿಂಬು ಕೂರಬೇಕಾದದ್ದು ಒಂದರಿಂದ ಮೂರನೆಯ ಫ್ರೆಟ್ಟಿನ (ನೆಕ್ಕಿನ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿಗಳು) ಹಿಂದೆ. ಹೆಡ್‌ಸ್ಟಾಕಿನ ಅಡಿಯಲ್ಲೇ ಕೂತಿದ್ದರೆ ಅದು ಸಹಾಯವಲ್ಲ, ಬಿದ್ದಾಗ ತಳ್ಳುವ ಕೆಲಸವನ್ನು ಅದೇ ಮಾಡುತ್ತದೆ. ಪರೀಕ್ಷೆ ಸುಲಭ. ಗಿಟಾರನ್ನು ಹಾಕಿ, ಬ್ಯಾಗನ್ನು ಮಲಗಿಸಿ, ಹೆಡ್‌ಸ್ಟಾಕಿನ ತುದಿಯ ಹಿಂದೆ ಬೆರಳು ತೂರಿಸಿ. ಒಂದು ಬೆರಳು ಸಲೀಸಾಗಿ ಹೋಗಬೇಕು. ಬೆರಳು ಸಿಕ್ಕಿಕೊಂಡರೆ ಆ ಆಸರೆ ನಿಮ್ಮ ಗಿಟಾರಿನದ್ದಲ್ಲ.

ಫೆಂಡರ್ ಮಾದರಿಯ ನೇರ ಹೆಡ್‌ಸ್ಟಾಕಿಗೆ ಈ ಅಪಾಯ ಬಹಳ ಕಡಿಮೆ. ಸ್ಟ್ರ್ಯಾಟ್ ಇರುವವರು ಆಸರೆಗೆಂದು ಹೆಚ್ಚು ಹಣ ಕೊಡುವ ಬದಲು ಒಳ್ಳೆಯ ಜಿಪ್ಪಿಗೂ ಪಟ್ಟಿಗಳಿಗೂ ಕೊಡಲಿ.

ಒಂದು ಎಚ್ಚರಿಕೆ: ಗಿಟಾರಿಗೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ಬಗೆಯ ಪಾಲಿಶ್ ಇದ್ದರೆ ಆಸರೆಯ ಮೇಲ್ಮೈ ರಬ್ಬರಿನದ್ದೋ ವಿನೈಲಿನದ್ದೋ ಆಗಿರಬಾರದು. ಅವುಗಳಿಂದ ಹೊರಬರುವ ರಾಸಾಯನಿಕ ಲ್ಯಾಕರನ್ನು ಮೆತ್ತಗಾಗಿಸಿ ಕಲೆ ಉಳಿಸುತ್ತದೆ. ಬಟ್ಟೆ ಹೊದಿಸಿದ್ದೇ ಬೇಕು.

ಫೋಮನ್ನು ಕೈಯಲ್ಲೇ ಅಳೆಯಿರಿ

ಎರಡು ಬ್ಯಾಗುಗಳ ಮೇಲೂ ‘20 ಮಿ.ಮೀ.’ ಎಂದಿದ್ದರೂ ಒಳಗಿರುವುದು ಒಂದೇ ಆಗಿರಬೇಕಿಲ್ಲ. ಹಾಸಿಗೆಯ ಸ್ಪಂಜಿನಂಥ ಮೆತ್ತನೆ ಫೋಮ್ ಸಣ್ಣ ತಾಗುವಿಕೆಗೆ ಚೆನ್ನ, ಜೋರಾದ ಪೆಟ್ಟಿಗೆ ಪೂರ್ತಿ ಅಪ್ಪಚ್ಚಿಯಾಗಿ ಪೆಟ್ಟನ್ನು ಒಳಗೆ ಬಿಟ್ಟುಕೊಡುತ್ತದೆ. ಟಿವಿ ಪೆಟ್ಟಿಗೆಯಲ್ಲಿ ಬರುವ ಬಿಳಿ ಫೋಮ್ ಹಾಳೆಯಂಥದ್ದು ಗಟ್ಟಿ, ಆದರೆ ಒಮ್ಮೆ ಮಡಿಚಿದರೆ ಆ ಗುರುತು ಹೋಗುವುದಿಲ್ಲ, ಆ ಜಾಗ ತೆಳುವಾಗಿಯೇ ಉಳಿಯುತ್ತದೆ. ಚಪ್ಪಲಿ ಅಟ್ಟೆಗೆ ಬಳಸುವ ಈವಿಎ ಇನ್ನೂ ಗಟ್ಟಿ, ತಳಕ್ಕೆ ಹೇಳಿಮಾಡಿಸಿದ್ದು. ಒಳ್ಳೆಯ ಬ್ಯಾಗಿನಲ್ಲಿ ಎರಡು ಪದರ ಇರುತ್ತದೆ. ಹೊರಗಿನ ಗಟ್ಟಿ ಪದರ ಪೆಟ್ಟನ್ನು ಅಗಲಕ್ಕೆ ಹರಡುತ್ತದೆ, ಒಳಗಿನ ಮೆತ್ತನೆ ಪದರ ಅದನ್ನು ನುಂಗುತ್ತದೆ.

ಬ್ಯಾಗಿನ ಗೋಡೆಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಜೋರಾಗಿ ಒತ್ತಿ. ಎರಡು ಬೆರಳೂ ಒಂದಕ್ಕೊಂದು ಸಿಕ್ಕಂತಾದರೆ ಅದು ಮೆತ್ತನೆ ಸ್ಪಂಜು ಮಾತ್ರ. ಹತ್ತು ಎಣಿಸಿ ಬಿಡಿ, ಗುಳಿ ಕೂಡಲೇ ತುಂಬಿಕೊಳ್ಳಬೇಕು. ಇದನ್ನು ಮುಂಭಾಗದ ನಡುವೆ ಮಾಡಿದರೆ ಏನೂ ತಿಳಿಯದು, ಅಲ್ಲಿ ಎಲ್ಲರೂ ಚೆನ್ನಾಗಿಯೇ ತುಂಬಿರುತ್ತಾರೆ. ಹೆಡ್‌ಸ್ಟಾಕ್ ಬದಿಗಳಲ್ಲಿ, ತಳದಲ್ಲಿ, ಪಕ್ಕದ ಪಟ್ಟಿಯಲ್ಲಿ ಒತ್ತಿ ನೋಡಿ. ಮುಂದೆ ಹಿಂದೆ 20 ಮಿ.ಮೀ. ಹಾಕಿ ಪಕ್ಕಕ್ಕೆ 5 ಮಿ.ಮೀ. ಹಾಕಿದ ಬ್ಯಾಗುಗಳು ಬೇಕಾದಷ್ಟಿವೆ.

ತಳ

ಬ್ಯಾಗನ್ನು ನಾವು ಕೆಳಗಿಡುವುದು ತಳದ ಮೇಲೇ, ಬೆನ್ನಿನಿಂದ ಇಳಿಸುವಾಗ ಜಾರಿ ಕುಕ್ಕುವುದೂ ತಳದ ಮೇಲೇ. ಆ ಪೆಟ್ಟೆಲ್ಲ ಸ್ಟ್ರಾಪ್ ಬಟನ್ ಎಂಬ ಒಂದು ಸಣ್ಣ ಚುಕ್ಕೆಯ ಮೇಲೆ ಬೀಳುತ್ತದೆ. ಬಟನ್ನು ಆಣಿಯಂತೆ ಒಳಗೆ ತಳ್ಳಿ ತಳದ ಮರದ ತುಂಡನ್ನು, ಪಕ್ಕದ ತೆಳು ಹಲಗೆಯನ್ನು ಸೀಳಬಹುದು. ಪಿಕಪ್ (ಸದ್ದನ್ನು ವಿದ್ಯುತ್ತಾಗಿಸುವ ಸಾಧನ) ಇರುವ ಅಕೂಸ್ಟಿಕ್‌ಗಳಲ್ಲಿ ವೈರು ಸಿಕ್ಕಿಸುವ ಜ್ಯಾಕ್ ಕೂಡ ಹೆಚ್ಚಾಗಿ ಅಲ್ಲೇ ಇರುವುದರಿಂದ ರಂಧ್ರ ಇನ್ನೂ ದೊಡ್ಡದು. ಬಟನ್ನಿಗೆ ತೂತು ಬಿಟ್ಟ ದಪ್ಪ ಫೋಮ್ ತುಂಡು ಒಳಗಿರುವ ಬ್ಯಾಗ್ ಸಿಕ್ಕರೆ ಅದನ್ನೇ ಆರಿಸಿ, ಆಗ ಭಾರ ಬಾಡಿಯ ಅಂಚಿನ ಮೇಲೆ ಹರಡುತ್ತದೆ. ಹೊರಗಡೆ ರಬ್ಬರ್ ಅಟ್ಟೆ ಇರಬೇಕು. ಬರೀ ಬಟ್ಟೆಯಿದ್ದರೆ ಮೊದಲು ಸವೆಯುವ ಜಾಗ ಅದು. ಅಂಗಡಿಯಲ್ಲೇ ಗಿಟಾರು ಹಾಕಿ ಬ್ಯಾಗನ್ನು ಎರಡು ಸೆಂ.ಮೀ. ಎತ್ತಿ ನೆಲಕ್ಕೆ ಬಿಡಿ. ‘ಟಕ್’ ಎಂದು ಕೇಳಿಸಿದರೆ ಬಟನ್ನು ನೆಲ ಮುಟ್ಟುತ್ತಿದೆ.

ಜಿಪ್, ಬಟ್ಟೆ, ಹೊಲಿಗೆ

ಜಿಪ್ಪಿನ ನಂಬರು ಅದರ ಹಲ್ಲುಗಳ ಅಗಲ ಎಷ್ಟು ಮಿ.ಮೀ. ಎಂಬುದರ ಅಂದಾಜು. 5ನೇ ನಂಬರು ಜಾಕೆಟ್ಟಿಗೆ ಸರಿ. ಗಿಟಾರ್ ಬ್ಯಾಗಿಗೆ 8 ಅಥವಾ 10 ಬೇಕು. ಎರಡು ರನ್ನರ್ ಇದ್ದರೆ ಒಂದು ಕೆಟ್ಟರೂ ಊರು ಸೇರಬಹುದು. ರನ್ನರ್ ಮುಂದೆ ಹೋದಂತೆ ಹಿಂದೆ ಹಲ್ಲು ತೆರೆದುಕೊಳ್ಳುತ್ತಿದ್ದರೆ ಹಲ್ಲು ಕೆಟ್ಟಿರುವುದಕ್ಕಿಂತ ರನ್ನರಿನ ಬಾಯಿ ಅಗಲವಾಗಿರುವುದೇ ಹೆಚ್ಚು. ಇಕ್ಕಳದಿಂದ ಎರಡೂ ಬದಿ ಸ್ವಲ್ಪವೇ ಒತ್ತಿದರೆ ಮತ್ತೆ ಕೆಲಸ ಮಾಡುತ್ತದೆ. ಜೋರಾಗಿ ಒತ್ತಿದರೆ ಲೋಹ ಬಿರಿಯುತ್ತದೆ, ಮತ್ತೆ ರನ್ನರೇ ಬದಲಿಸಬೇಕು. ಜಿಪ್ಪಿನ ಒಳಬದಿಗೆ ಬಟ್ಟೆಯ ಮಡಿಕೆ ಇದೆಯೇ ನೋಡಿ. ಇಲ್ಲದಿದ್ದರೆ ಗಿಟಾರು ಹಾಕಿ ತೆಗೆಯುವಾಗಲೆಲ್ಲ ಹಲ್ಲುಗಳು ಪಕ್ಕದ ಪಾಲಿಶನ್ನು ಗೀರುತ್ತವೆ.

ಬಟ್ಟೆಯ ಮೇಲಿನ 600, 900, 1680 ಎಂಬ ಅಂಕಿಗಳು ಡೆನಿಯರ್, ಅಂದರೆ 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದು. 600 ಸಾಮಾನ್ಯ ಬಳಕೆಗೆ ಸಾಕು, 1680 ಒರಟು ಬಳಕೆಗೆ. ಬ್ಯಾಗ್ ಹರಿಯುವುದು ಬಟ್ಟೆಯಲ್ಲಿ ಅಲ್ಲ, ಬಹುಪಾಲು ಹೊಲಿಗೆಯಲ್ಲಿ. ಬೆನ್ನ ಪಟ್ಟಿ ಬ್ಯಾಗಿಗೆ ಸೇರುವ ಕಡೆ ಚೌಕದೊಳಗೆ ಅಡ್ಡಗೆರೆ ಎಳೆದಂಥ ಹೊಲಿಗೆ ಇರಬೇಕು. ಒಂದೇ ಸಾಲಿನ ಹೊಲಿಗೆ ಕಂಡರೆ ಆ ಬ್ಯಾಗ್ ಬಿಡಿ. ಬದಿಯ ಹಿಡಿಕೆಗೆ ಜಿಪ್ಪಿನ ಎರಡೂ ಕಡೆಯಿಂದ ಪಟ್ಟಿ ಬಂದು ನಡುವೆ ಕೂಡಿಕೊಳ್ಳಬೇಕು. ಒಂದೇ ಕಡೆ ಹೊಲಿದಿದ್ದರೆ ಎತ್ತಿದಾಗಲೆಲ್ಲ ಭಾರ ಜಿಪ್ಪಿನ ಮೇಲೆ.

ಬೆನ್ನಿಗೆ ಹಾಕಿ ನೋಡದೆ ಕೊಳ್ಳಬೇಡಿ

ಪಟ್ಟಿಗಳ ಮೇಲಿನ ತುದಿ ಬಹಳ ಕೆಳಗಿದ್ದರೆ ಗಿಟಾರು ತಲೆಯ ಮೇಲೆ ಎದ್ದು ನಿಂತು ಹಿಂದಕ್ಕೆ ಎಳೆಯುತ್ತದೆ. ಬಹಳ ಮೇಲಿದ್ದರೆ ಬ್ಯಾಗಿನ ತಳ ತೊಡೆಯ ಹಿಂದೆ ಬಡಿಯುತ್ತದೆ. ಕುಳ್ಳಗಿರುವವರು ಮೆಟ್ಟಿಲು ಹತ್ತಿ ನೋಡಬೇಕು, ಹೆಜ್ಜೆ ಎತ್ತಿದಾಗಲೆಲ್ಲ ತಳ ಅಡ್ಡ ಬಂದರೆ ಬೇರೆ ಮಾದರಿ ಹುಡುಕಿ. ಹೇಗಿದ್ದರೂ ಹೆಡ್‌ಸ್ಟಾಕ್ ತಲೆಗಿಂತ ಮೇಲಿರುತ್ತದೆ, ಬಸ್ಸಿನ ಬಾಗಿಲಲ್ಲಿ ತಗ್ಗಿದರೆ ಸಾಲದು, ಮಂಡಿ ಮಡಿಸಬೇಕು. ಮುಂದಕ್ಕೆ ಬಗ್ಗಿದರೆ ಹೆಡ್‌ಸ್ಟಾಕ್ ಚೌಕಟ್ಟಿಗೆ ನೇರ ಹೋಗಿ ಬಡಿಯುತ್ತದೆ. ನೆಕ್ಕಿನ ಹಿಂದೆ ಒಂದು ಚಿಕ್ಕ ಹಿಡಿಕೆ ಇರುವ ಬ್ಯಾಗು ಜನಸಂದಣಿಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಗಿಟಾರನ್ನು ನೆಟ್ಟಗೆ ಎದೆಯ ಮುಂದೆ ಹಿಡಿದು ಸಾಗಬಹುದು.

ಜೇಬುಗಳ ವಿಷಯದಲ್ಲಿ ‘ಹೆಚ್ಚಿದ್ದಷ್ಟೂ ಒಳ್ಳೆಯದು’ ಎನ್ನುವವರ ಮಾತು ಒಪ್ಪಲಾಗದು. ದೊಡ್ಡ ಮುಂಜೇಬು ಕೂರುವುದು ಬ್ರಿಡ್ಜಿನ ಮೇಲೇ. ಅಕೂಸ್ಟಿಕ್ ಗಿಟಾರಿನ ಮುಂಹಲಗೆ 3 ಮಿ.ಮೀ. ಆಸುಪಾಸು ದಪ್ಪ. ಅಲ್ಲಿ ಕೇಪೋ (ನೆಕ್ಕಿಗೆ ಹಾಕುವ ಕ್ಲಿಪ್ಪು), ಅಡಾಪ್ಟರ್, ಪೆಡಲ್ ತುಂಬಿ ಬ್ಯಾಗನ್ನು ಮುಖ ಅಡಿಯಾಗಿ ಇಟ್ಟರೆ ಆ ಭಾರವೆಲ್ಲ ಸ್ಯಾಡಲ್ಲಿನ (ಬ್ರಿಡ್ಜಿನ ಮೇಲೆ ತಂತಿಗಳು ಕೂರುವ ಸಣ್ಣ ಪಟ್ಟಿ) ಮೂಲಕ ಹಲಗೆಗೆ ಇಳಿಯುತ್ತದೆ. ಎ4 ಹಾಳೆಯ ನೋಟ್ಸು, ತಂತಿ ಸೆಟ್ಟು, ಬಟ್ಟೆ ಇಷ್ಟು ಮುಂಜೇಬಿಗೆ, ಲೋಹದ್ದು ಏನಿದ್ದರೂ ನೆಕ್ಕಿನ ಕಡೆಯ ಚಿಕ್ಕ ಜೇಬಿಗೆ.

ಮಳೆ, ಬಿಸಿಲು

‘ನೀರು ತಡೆಯುತ್ತದೆ’ ಎಂದರೆ ಬಟ್ಟೆಯ ಒಳಬದಿಗೆ ಲೇಪ ಇದೆ ಎಂದು. ಜಿಪ್ಪಿನಲ್ಲೂ ಹೊಲಿಗೆಯ ತೂತುಗಳಲ್ಲೂ ನೀರು ಇಳಿದೇ ಇಳಿಯುತ್ತದೆ. ಐದು ನಿಮಿಷದ ತುಂತುರಿಗೆ ಸರಿ, ಜಡಿಮಳೆಗೆ ಮೇಲೊಂದು ಮಳೆಹೊದಿಕೆ ಬೇಕು. ಒದ್ದೆಯಾದ ಬ್ಯಾಗಿನಿಂದ ಗಿಟಾರನ್ನು ಕೂಡಲೇ ಹೊರತೆಗೆದು, ಬ್ಯಾಗನ್ನು ಪೂರ್ತಿ ತೆರೆದು ನೆರಳಲ್ಲಿ ಒಣಗಿಸಿ. ಫೋಮ್ ಒಳಗೇ ನೀರು ಹಿಡಿದಿಟ್ಟುಕೊಳ್ಳುವುದರಿಂದ ಮೇಲೆ ಒಣಗಿದಂತೆ ಕಂಡರೂ ಇನ್ನೊಂದು ದಿನ ಬಿಡುವುದು ಒಳ್ಳೆಯದು, ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ.

ಬಿಸಿಯನ್ನು ಯಾವ ಬ್ಯಾಗೂ ತಡೆಯದು, ತಡಮಾಡುತ್ತದೆ ಅಷ್ಟೇ. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಬ್ರಿಡ್ಜಿನ ಅಂಟು ಮೆತ್ತಗಾಗುವಷ್ಟು ಕಾವು ಏರುತ್ತದೆ, ತಂತಿಗಳ ಎಳೆತಕ್ಕೆ ಬ್ರಿಡ್ಜ್ ಹಿಂದಿನಿಂದ ಎದ್ದುಕೊಳ್ಳುತ್ತದೆ. ಕಾರಿಳಿಯುವಾಗ ಗಿಟಾರನ್ನೂ ಇಳಿಸಿ. ಅಕೂಸ್ಟಿಕ್ ಗಿಟಾರಿಗೆ ಹಿತವಾದ ಗಾಳಿಯ ತೇವ 45ರಿಂದ 55 ಶೇಕಡಾ. ಬಟ್ಟೆಯ ಬ್ಯಾಗು ಅದನ್ನು ಹೆಚ್ಚು ಹೊತ್ತು ಹಿಡಿದಿಡಲಾರದು, ಒಣಹವೆಯ ಕಾಲದಲ್ಲಿ ತಿಂಗಳುಗಟ್ಟಲೆ ಇಡುವುದಕ್ಕೆ ಗಟ್ಟಿ ಪೆಟ್ಟಿಗೆಯೇ ವಾಸಿ.

ಮನೆಯಲ್ಲಿ ಈಗಾಗಲೇ ಸಡಿಲ ಬ್ಯಾಗ್ ಇದ್ದರೆ

ಹೊಸದು ಕೊಳ್ಳುವ ಮೊದಲು ಇದನ್ನು ಮಾಡಿ ನೋಡಬಹುದು. 25 ಮಿ.ಮೀ. ದಪ್ಪದ ಗಟ್ಟಿ ಫೋಮಿನ ಒಂದು ತುಂಡನ್ನು ತಳದ ಅಗಲಕ್ಕೆ ಕತ್ತರಿಸಿ, ನಡುವೆ ಬಟನ್ನಿಗೆಂದು ಎರಡು ಬೆರಳಗಲ ತೂತು ಮಾಡಿ ಬ್ಯಾಗಿನ ತಳಕ್ಕೆ ಕೂರಿಸಿ. ಚಿಕ್ಕ ಟವೆಲನ್ನು ಬಿಗಿಯಾಗಿ ಸುತ್ತಿ, ಎರಡನೆಯ ಫ್ರೆಟ್ಟಿನ ಹಿಂದೆ ಅಡ್ಡಲಾಗಿ ಇಡಿ. ಹೆಡ್‌ಸ್ಟಾಕಿನ ಹಿಂದೆ ಬೆರಳು ತೂರುವಷ್ಟು ಜಾಗ ಆಗುವವರೆಗೆ ಸುರುಳಿಯನ್ನು ದಪ್ಪ ಮಾಡಿ, ಜಾರದಂತೆ ಒಂದು ವೆಲ್ಕ್ರೋ ಪಟ್ಟಿಯಿಂದ ನೆಕ್ಕಿಗೇ ಸಡಿಲವಾಗಿ ಕಟ್ಟಿ. ಬಾಡಿಯ ಎರಡೂ ಪಕ್ಕ ಉಳಿದ ಟೊಳ್ಳಿಗೆ ಫೋಮ್ ಪಟ್ಟಿ ಇಳಿಬಿಡಿ, ಬ್ರಿಡ್ಜಿನ ಮೇಲೆ ಮಾತ್ರ ಏನೂ ಬೇಡ. ಜಿಪ್ ಹಾಕಿ, ಬ್ಯಾಗನ್ನು ನಿಲ್ಲಿಸಿ ಎರಡೂ ಕೈಯಲ್ಲಿ ಮೆಲ್ಲಗೆ ಅಲ್ಲಾಡಿಸಿ. ಒಳಗಿನಿಂದ ಯಾವ ಸದ್ದೂ ಬರದಿದ್ದರೆ ಗಿಟಾರು ಗಟ್ಟಿಯಾಗಿ ಕೂತಿದೆ. ದೂರದ ಪ್ರಯಾಣವಾದರೆ ಹೊರಡುವ ಮುನ್ನ ಆರೂ ತಂತಿಗಳನ್ನು ಒಂದೆರಡು ಸ್ವರ ಕೆಳಗಿಳಿಸಿ.